ಎರಡು ಹಂತದ ವಿನಯ

ವಿಶ್ವವಿದ್ಯಾಲಯದ ಹಳೆಯ ಕಟ್ಟಡದ ಹಿಂಬದಿಯಲ್ಲಿ, ಮುರಿದ ಕುರ್ಚಿಗಳ ಉಗ್ರಾಣಕ್ಕೂ ಸಂಖ್ಯಾಶಾಸ್ತ್ರ ವಿಭಾಗಕ್ಕೂ ನಡುವೆ ಎರಡು ಕೋಣೆಗಳಿದ್ದವು. ಅದೇ ಜಪಾನೀ ಭಾಷೆ ಮತ್ತು ಸಂಸ್ಕೃತಿ ಅಧ್ಯಯನ ವಿಭಾಗ. ಬಾಗಿಲ ಮೇಲಿನ ಫಲಕ ಎಷ್ಟು ಉದ್ದವಿತ್ತೆಂದರೆ, ಅದನ್ನು ಓದುತ್ತ ನಡೆದವರು ಓದಿ ಮುಗಿಸುವಷ್ಟರಲ್ಲಿ ಉಗ್ರಾಣದ ಮುಂದೆ ನಿಂತಿರುತ್ತಿದ್ದರು. ಕುರ್ಚಿ ಕೇಳಿಕೊಂಡು ಬಂದವರು ಜಪಾನೀ ವಿಭಾಗದ ಬಾಗಿಲು ತಟ್ಟುವುದೂ, ಜಪಾನೀ ಕಲಿಯಲು ಬಂದವರು ಉಗ್ರಾಣ ನೋಡಿ ಹೆದರಿ ವಾಪಸು ಹೋಗುವುದೂ ಆಗಾಗ ನಡೆಯುತ್ತಿತ್ತು.

ಈ ಎರಡು ಕೋಣೆಗಳ ಒಡತಿ ಸೆನ್ಸೇಯಮ್ಮ. ಜಪಾನಿನಲ್ಲಿ ಮೇಷ್ಟ್ರನ್ನು ಸೆನ್ಸೇ ಎನ್ನುತ್ತಾರೆ. ಬರೀ ಹಾಗೆಂದರೆ ಎಲ್ಲಿ ಮರ್ಯಾದೆ ಕಡಿಮೆಯಾಗುತ್ತದೋ ಎಂದು ಯಾವುದೋ ಕಾಲದ ವಿದ್ಯಾರ್ಥಿಗಳು ಕೊನೆಗೊಂದು ಅಮ್ಮನನ್ನು ಅಂಟಿಸಿದ್ದರು. ಆಮೇಲೆ ಗ್ರಂಥಾಲಯದವರು, ಕ್ಯಾಂಟೀನಿನವರು, ಕೊನೆಗೆ ಅವರ ಸ್ವಂತ ಗಂಡ ಕೂಡ ತಮಾಷೆಗೆ ಹಾಗೇ ಕರೆಯತೊಡಗಿ, ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಅವರೇನೂ ಜಪಾನೀ ಭಾಷೆಯನ್ನು ಹುಡುಕಿಕೊಂಡು ಹೋದವರಲ್ಲ. ಹುಡುಗಿಯಾಗಿದ್ದಾಗ ಅರ್ಥಶಾಸ್ತ್ರಕ್ಕೆ ಸೇರಬೇಕೆಂದು ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತಿದ್ದರು. ಅವರ ಸರದಿ ಬಂದಾಗ ಒಳಗಿದ್ದ ಗುಮಾಸ್ತರು ತಲೆಯೆತ್ತದೆಯೇ, "ಅದು ತುಂಬೋಯ್ತಮ್ಮ. ಜಪಾನೀಸ್ ಖಾಲಿ ಇದೆ, ಬರ್ಕೊಳ್ಳಲಾ?" ಎಂದರು. ಹಿಂದಿನವರು ತಳ್ಳುತ್ತಿದ್ದರು. "ಬರ್ಕೊಳ್ಳಿ" ಎಂದುಬಿಟ್ಟರು. ಮುಂದೆ ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ "ನೀವು ಜಪಾನನ್ನು ಆರಿಸಿಕೊಳ್ಳೋದಿಲ್ಲ, ಜಪಾನ್ ನಿಮ್ಮನ್ನು ಆರಿಸಿಕೊಳ್ಳುತ್ತೆ" ಎಂದು ಗಂಭೀರವಾಗಿ ಭಾಷಣ ಮಾಡುತ್ತಿದ್ದರು. ಆ ಗುಮಾಸ್ತರ ಸುದ್ದಿ ಭಾಷಣದಲ್ಲಿ ಬರುತ್ತಿರಲಿಲ್ಲ.

ಆಗ ವಿಭಾಗದಲ್ಲಿ ಇದ್ದದ್ದು ಒಬ್ಬರೇ ಮೇಷ್ಟ್ರು. ಜಪಾನಿನಿಂದ ಬಂದವರು. ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಒಬ್ಬರೇ ಬಂದು ವಿಭಾಗ ಕಟ್ಟಿದವರು. ಅವರನ್ನು ಎಲ್ಲರೂ ದೊಡ್ಡ ಸೆನ್ಸೇ ಎನ್ನುತ್ತಿದ್ದರು. ಆಳು ಮಾತ್ರ ಸಣ್ಣ. ಬೂದು ಬಣ್ಣದ ಕೋಟು, ಕೇಳಿಸಿಯೂ ಕೇಳಿಸದಂಥ ದನಿ. ಮೊದಲ ದಿನ ಕ್ಲಾಸಿಗೆ ಬಂದವರು ಏನೂ ಮಾತಾಡದೆ ವಿದ್ಯಾರ್ಥಿಗಳ ಎದುರು ನಿಂತು ಬಗ್ಗಿ ವಂದಿಸಿದರು. ಮೇಷ್ಟ್ರು ತಮಗೆ ವಂದಿಸುವುದನ್ನು ಆ ಹುಡುಗರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

ಆ ವಂದನೆಯ ರೀತಿಯೇ ಬೇರೆ. ಸೊಂಟದಿಂದ ಬಗ್ಗುವಾಗ ಎಡಗೈ ತೊಡೆಯ ಮೇಲಿಂದ ಜಾರಿ ಮೊಣಕಾಲಿನ ಸ್ವಲ್ಪ ಮೇಲೆ ಬಂದು ಹಿಡಿಯುತ್ತಿತ್ತು. ಬಲಭುಜ ಒಂದಿಷ್ಟು ಕೆಳಗಿಳಿಯುತ್ತಿತ್ತು. ಏಳುವಾಗ ಒಂದೇ ಸಲಕ್ಕೆ ಏಳುತ್ತಿರಲಿಲ್ಲ. ಅರ್ಧ ಎದ್ದು, ಅಲ್ಲಿ ನಿಂತು, ಒಂದು ಉಸಿರು ಎಳೆದುಕೊಂಡು, ಆಮೇಲೆ ಪೂರ್ತಿ ನೆಟ್ಟಗಾಗುತ್ತಿದ್ದರು. ವಿದ್ಯಾರ್ಥಿಗಳು ಮರುದಿನದಿಂದಲೇ ಶುರುಮಾಡಿಕೊಂಡರು. ಎಡಗೈ, ಬಲಭುಜ, ಅರ್ಧದಲ್ಲಿ ಉಸಿರು, ಒಂದೂ ತಪ್ಪದಂತೆ. ದೊಡ್ಡ ಸೆನ್ಸೇ ಅದನ್ನು ನೋಡಿ ಒಂದು ಗಳಿಗೆ ಗಾಬರಿಯಾದವರಂತೆ ನಿಂತರು. ಆಮೇಲೆ ತಮ್ಮ ಸೊಂಟದ ಮೇಲೆ ಕೈಯಿಟ್ಟು ಬೇಡ ಬೇಡ ಎನ್ನುವ ಹಾಗೆ ತಲೆಯಾಡಿಸಿದರು. ಇಡೀ ಕ್ಲಾಸು ಸೊಂಟದ ಮೇಲೆ ಕೈಯಿಟ್ಟು ತಲೆಯಾಡಿಸಿತು. ಅವರು ಮತ್ತೆ ಆ ವಿಷಯ ಎತ್ತಲಿಲ್ಲ.

ಸೆನ್ಸೇಯಮ್ಮ ದೊಡ್ಡ ಸೆನ್ಸೇಯ ಮುದ್ದಿನ ಶಿಷ್ಯೆ. ಅವರು ವಯಸ್ಸಾಗಿ ತಮ್ಮ ದೇಶಕ್ಕೆ ಹಿಂದಿರುಗಿದಾಗ ಅವರ ಕುರ್ಚಿ, ಅವರ ನಿಘಂಟು, ಅವರ ವಂದನೆ ಮೂರೂ ಈಕೆಯ ಪಾಲಿಗೆ ಬಂದವು. ಮೂರರಲ್ಲಿ ಸೆನ್ಸೇಯಮ್ಮ ಜೀವಕ್ಕಿಂತ ಹೆಚ್ಚಾಗಿ ಕಾಪಾಡಿದ್ದು ವಂದನೆಯನ್ನು. "ಮೊದಲು ಸೊಂಟ ಪಳಗಲಿ, ನಾಲಿಗೆ ಆಮೇಲೆ" ಎನ್ನುವುದು ಅವರ ಪಾಠಕ್ರಮ. ಮೊದಲ ತಿಂಗಳು ಪುಸ್ತಕ ಮುಟ್ಟುವಂತಿರಲಿಲ್ಲ. ಬರೀ ಬಗ್ಗುವುದು, ಏಳುವುದು. ಅರ್ಧದಲ್ಲಿ ನಿಲ್ಲದೆ ಸರ್ರನೆ ಎದ್ದವನನ್ನು, "ಏನಪ್ಪಾ, ಬಸ್ಸು ಹೊರಟೋಯ್ತಾ?" ಎಂದು ಮತ್ತೆ ಬಗ್ಗಿಸುತ್ತಿದ್ದರು. ಈ ತಾಲೀಮು ಮುಗಿಸಿದವರು ದೊಡ್ಡ ದೊಡ್ಡ ಜಪಾನೀ ಕಂಪನಿಗಳಿಗೆ ಸೇರಿಕೊಂಡು, ಅಲ್ಲಿ ಎಡಗೈ ಜಾರಿಸಿ, ಬಲಭುಜ ಇಳಿಸಿ, ಅರ್ಧಕ್ಕೆ ನಿಂತು ಉಸಿರೆಳೆದರು. ಆ ಕಂಪನಿಯವರು ಇದು ಈ ಊರಿನವರ ಪದ್ಧತಿ ಇರಬೇಕು ಎಂದುಕೊಂಡು ಗೌರವದಿಂದ ಸುಮ್ಮನಿದ್ದರು. ಹೀಗೆ ಎರಡು ಕಡೆಯವರೂ ಪರಸ್ಪರರ ಸಂಸ್ಕೃತಿಯನ್ನು ಚೆನ್ನಾಗಿ ಅರಿತುಕೊಂಡರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ಮಾತು. ಸೆನ್ಸೇಯಮ್ಮ ಇದರ ಮೇಲೆ ದೊಡ್ಡದೊಂದು ಪ್ರಬಂಧವನ್ನೂ ಬರೆದರು. ಹೆಸರು 'ವಿನಯದ ಎರಡು ಹಂತಗಳು'. ಅರ್ಧ ಏಳುವುದೆಂದರೆ ನಾನು ಎಂಬುದನ್ನು ಕೆಳಗೇ ಬಿಟ್ಟು ಬರುವುದು. ನಡುವಿನ ಉಸಿರು, ಬಿಟ್ಟು ಬಂದದ್ದನ್ನು ಒಮ್ಮೆ ನೋಡಿಕೊಳ್ಳುವುದು. ಪೂರ್ತಿ ಏಳುವುದೆಂದರೆ ಎದುರಿನವರ ಕಣ್ಣಿನಲ್ಲಿ ಹೊಸದಾಗಿ ಹುಟ್ಟುವುದು, ಹೀಗೆ. ಜಾರುವ ಎಡಗೈಗೇ ಒಂದು ಅಧ್ಯಾಯ ಮೀಸಲಿತ್ತು. ಓದಿದವರು ಮೂಕರಾದರು. ಅದರ ಬಲದ ಮೇಲೆ ಅವರಿಗೆ ಪ್ರೊಫೆಸರ್ ಹುದ್ದೆಗೆ ಬಡ್ತಿಯೂ ಸಿಕ್ಕಿತು.

ಮನೆಯಲ್ಲಿ ಇದಕ್ಕೆಲ್ಲ ಅಷ್ಟೊಂದು ಬೆಲೆ ಇರಲಿಲ್ಲ. ಗಂಡ ಫಿಸಿಯೋಥೆರಪಿ ಮಾಡುವವರು. ದಿನವಿಡೀ ಜನರ ಕುತ್ತಿಗೆ, ಬೆನ್ನು, ಮಂಡಿ ತಿಕ್ಕಿ ತೀಡಿ ಸಂಜೆ ಮನೆಗೆ ಬಂದರೆ ಮಾತು ಕಡಿಮೆ. ಅತ್ತೆಯವರಿಗೆ ಮಾತ್ರ ಮಾತಿಗೆ ಬರವಿರಲಿಲ್ಲ. "ಬಗ್ಗೋದು ಕಲಿಸೋಕೂ ಸಂಬಳ ಕೊಡ್ತಾರೇನೇ? ಮನೇಲಿ ನೆಲದ ಮೇಲೆ ಬಿದ್ದಿರೋ ಟವಲ್ಲು ಎತ್ತೋಕೆ ಯಾರೂ ಬಗ್ಗಲ್ಲ!" ಎಂದು ಬಡ್ತಿಯ ದಿನವೇ ಅಂದಿದ್ದರು.

ಸೆನ್ಸೇಯಮ್ಮನ ನಿವೃತ್ತಿಯ ವರ್ಷ ಬಂತು. ಅದರ ಜೊತೆಗೇ ಕುಲಪತಿಗಳಿಂದ ಕರೆಯೂ ಬಂತು.

"ನೋಡಿ ಮೇಡಂ, ನೀವು ಹೋದ್ಮೇಲೆ ಈ ವಿಭಾಗ ಇಟ್ಕೋಬೇಕಾ, ಇಲ್ಲಾ ಭಾಷಾ ಕೇಂದ್ರಕ್ಕೆ ಸೇರಿಸಿಬಿಡೋಣವಾ ಅಂತ ಯೋಚನೆ ಮಾಡ್ತಿದೀವಿ. ಜಪಾನಿಂದ ಒಂದು ಪ್ರತಿಷ್ಠಾನದೋರು ನೋಡೋಕೆ ಬರ್ತಾರಂತೆ. ಅವರು ಒಪ್ಪಿದ್ರೆ ಖರ್ಚೆಲ್ಲ ಅವರೇ ನೋಡ್ಕೋತಾರೆ. ವಿಭಾಗ ಉಳಿಯುತ್ತೆ."

"ಏನು ನೋಡ್ತಾರೆ ಸಾರ್?"

"ಬೇರೆಲ್ಲೂ ಸಿಗದೇ ಇರೋದು ಇಲ್ಲಿ ಏನಿದೆ ಅಂತ ನೋಡ್ತಾರಂತೆ. ಅದೊಂದೇ ಅವರ ಪ್ರಶ್ನೆ. ಏನಾದ್ರೂ ಇದೆ ತಾನೇ?"

"ಇದೆ ಸಾರ್" ಎಂದು ಸೆನ್ಸೇಯಮ್ಮ ಧೈರ್ಯವಾಗಿ ಹೇಳಿ, ಹೊರಗೆ ಬಂದು ಏನಿದೆ ಎಂದು ಯೋಚಿಸುತ್ತ ನಡೆದರು.

ಸಂಬಳದ ಚಿಂತೆ ಅವರಿಗಿರಲಿಲ್ಲ. ಅದು ಹೇಗೂ ನಿಲ್ಲುವುದೇ. ಅವರ ಜೊತೆ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ ಹೊಸ ಮೇಷ್ಟ್ರಿಗೂ ಭಾಷಾ ಕೇಂದ್ರದಲ್ಲಿ ಒಂದು ಕುರ್ಚಿ ಗಟ್ಟಿಯಾಗಿತ್ತು. ಸೆನ್ಸೇಯಮ್ಮನಿಗೆ ಬೇಕಾಗಿದ್ದದ್ದು ಒಂದೇ. ತಾವು ಎದ್ದು ಹೋದ ಮೇಲೂ ಆ ಉದ್ದನೆಯ ಫಲಕ ಬಾಗಿಲ ಮೇಲಿರಬೇಕು. ದೊಡ್ಡ ಸೆನ್ಸೇ ಕಟ್ಟಿದ್ದನ್ನು ಇವಳು ಮುಚ್ಚಿಸಿ ಹೋದಳು ಎನಿಸಿಕೊಳ್ಳಬಾರದು. ಆ ಮಹಾನುಭಾವರು ತೀರಿಹೋಗಿ ಎಷ್ಟೋ ವರ್ಷವಾಗಿದ್ದರೂ ಅವರ ಮುಂದೆ ತಲೆ ತಗ್ಗಿಸಿ ನಿಲ್ಲುವ ಹೆದರಿಕೆ ಇವರಿಗೆ ಹೋಗಿರಲಿಲ್ಲ.

ಈ ಹೊಸ ಮೇಷ್ಟ್ರು ಸೆನ್ಸೇಯಮ್ಮನ ಹತ್ತಿರವೇ ಬಗ್ಗಲು ಕಲಿತು, ಆಮೇಲೆ ಜಪಾನಿನಲ್ಲಿದ್ದು ಓದಿ ಬಂದ ಹುಡುಗ. ಬಂದ ದಿನದಿಂದ ಏನೋ ಹೇಳಬೇಕೆಂದು ಬಾಯಿ ತೆರೆಯುವುದು, ಮುಚ್ಚುವುದು ಮಾಡುತ್ತಿದ್ದ. ಪ್ರತಿಷ್ಠಾನದವರು ಬರುವ ಸುದ್ದಿ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಲು ಅವನಿಂದ ಆಗಲಿಲ್ಲ.

"ಮೇಡಂ, ಒಂದು ಮಾತು. ತಪ್ಪು ತಿಳ್ಕೋಬೇಡಿ. ನಾವು ಬಗ್ಗೋದು... ಅಲ್ಲಿ ಯಾರೂ ಹೀಗೆ ಬಗ್ಗಲ್ಲ."

"ಯಾರೂ ಅಂದ್ರೆ?"

"ಯಾರೂ ಅಂದ್ರೆ ಯಾರೂ. ಅಂಗಡಿಯಲ್ಲಿ, ಆಫೀಸಲ್ಲಿ, ಸ್ಟೇಷನ್ನಲ್ಲಿ, ಎಲ್ಲೂ ನೋಡ್ಲಿಲ್ಲ. ನೆಟ್ಟಗೆ ಬಗ್ತಾರೆ, ನೆಟ್ಟಗೆ ಏಳ್ತಾರೆ. ಕೈ ಮೊಣಕಾಲು ಹಿಡಿಯಲ್ಲ. ಮಧ್ಯೆ ನಿಲ್ಲಲ್ಲ. ಮೊದಲನೇ ದಿನ ನಾನು ಹೀಗೆ ಬಗ್ಗಿದಾಗ ಅಲ್ಲಿನ ಪ್ರೊಫೆಸರ್ ಓಡಿ ಬಂದು ಕುರ್ಚಿ ಕೊಟ್ರು ಮೇಡಂ."

"ಅದು ಹಳೇ ಕಾಲದ ಪದ್ಧತಿ ಇರುತ್ತೆ. ಈಗಿನೋರಿಗೆ ಏನು ಗೊತ್ತು!" ಎಂದು, ಜಪಾನಿಗೆ ಒಮ್ಮೆಯೂ ಹೋಗದ ಸೆನ್ಸೇಯಮ್ಮ ಗದರಿದರು. "ನಾಲ್ಕು ದಿನ ಜಪಾನು ನೋಡಿಬಂದ್ಬಿಟ್ಟು ದೊಡ್ಡ ಸೆನ್ಸೇಗೇ ಪಾಠ ಹೇಳ್ತೀಯಾ?"

ಹುಡುಗ ಬಗ್ಗಿ ಕ್ಷಮೆ ಕೇಳಿದ. ಅಭ್ಯಾಸಬಲದಿಂದ ಅರ್ಧಕ್ಕೆ ನಿಂತ.

ಆ ಸಂಜೆ ಊಟದ ಮೇಜಿನ ಮುಂದೆ ಸೆನ್ಸೇಯಮ್ಮ ಗಂಡನ ಹತ್ತಿರ ಇದನ್ನು ಹೇಳಿಕೊಂಡು ರೇಗಾಡಿದರು. ಯಜಮಾನರು ತಟ್ಟೆಯಿಂದ ತಲೆಯೆತ್ತದೆ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, "ಆ ಹುಡುಗ ಹೇಳಿದ್ದು ಸರಿ ಇದೆ" ಎಂದರು.

"ಏನ್ರೀ ಸರಿ?"

"ಅದು ವಂದನೆ ಅಲ್ಲ. ಸೊಂಟ ಹಿಡಿದಿರೋರು ಏಳೋ ರೀತಿ. ಬೆನ್ನಿನ ಕೆಳಗೆ ಎಡಗಡೆ ನರ ಒತ್ತಿಕೊಂಡಿದ್ರೆ ಹಾಗೇನೇ. ಕೈ ಊರಿಕೊಳ್ದೇ ಬಗ್ಗೋಕಾಗಲ್ಲ, ಒಂದೇ ಸಲಕ್ಕೆ ಏಳೋಕಾಗಲ್ಲ. ಅರ್ಧಕ್ಕೆ ಬಂದಾಗ ಝುಮ್ ಅಂತ ಹಿಡಿದುಬಿಡುತ್ತೆ. ನಿಂತು ಉಸಿರು ಎಳ್ಕೋಬೇಕು. ಅಂಥೋರು ದಿನಾ ಬರ್ತಾರೆ ನನ್ನ ಹತ್ರ."

"ನಿಮಗೆ ಯಾವಾಗ ಗೊತ್ತಾಯ್ತು?"

"ನಮ್ಮ ಮದುವೆ ದಿನ. ಬಂದು ನನ್ನ ಮುಂದೆ ಬಗ್ಗಿದ್ರಲ್ಲ ನಿಮ್ಮ ಗುರುಗಳು, ಆಗಲೇ."

"ಮತ್ತೆ ಇಷ್ಟು ವರ್ಷ ಯಾಕ್ರೀ ಹೇಳ್ಲಿಲ್ಲ?"

"ಹೊಸದಾಗಿ ಮದುವೆ ಆಗಿತ್ತು. ನಿಮ್ಮ ಗುರುಗಳ ಸೊಂಟ ಸರಿ ಇಲ್ಲ ಅಂತ ಹೇಳಿ ಸಂಸಾರ ಶುರುಮಾಡೋಕೆ ಧೈರ್ಯ ಸಾಲ್ಲಿಲ್ಲ. ಆಮೇಲೆ ನೀನು ಪುಸ್ತಕ ಬೇರೆ ಬರೆದೆ."

ಅಷ್ಟರಲ್ಲಿ ಅತ್ತೆಯವರು ಊಟ ಮುಗಿಸಿ ಕುರ್ಚಿಯಿಂದ ಎದ್ದರು. ಎಡಗೈಯನ್ನು ಮಂಡಿಯ ಮೇಲೆ ಊರಿ, ಅರ್ಧ ಎದ್ದು, ನಿಂತು, ಉಸಿರೆಳೆದುಕೊಂಡು, ಆಮೇಲೆ ಪೂರ್ತಿ ಎದ್ದರು. "ಏನೇ ಹಂಗೆ ನೋಡ್ತಿದೀಯ, ದೆವ್ವ ನೋಡಿದೋರ ಹಾಗೆ?" ಎಂದರು. ಈ ಹೆಂಗಸು ಸೆನ್ಸೇಯಮ್ಮನ ಕಣ್ಣೆದುರಿಗೇ ವರ್ಷಗಟ್ಟಲೆಯಿಂದ ದಿನಕ್ಕೆ ಹತ್ತು ಸಲ ಎರಡು ಹಂತದಲ್ಲಿ ಏಳುತ್ತಿದ್ದರು. ಅತ್ತೆಯವರು ನಾನು ಎಂಬುದನ್ನು ಎಲ್ಲಾದರೂ ಕೆಳಗೆ ಬಿಟ್ಟು ಬಂದದ್ದನ್ನು ಮಾತ್ರ ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ದೊಡ್ಡ ಸೆನ್ಸೇ ಸೊಂಟದ ಮೇಲೆ ಕೈಯಿಟ್ಟು ತಲೆಯಾಡಿಸಿದ್ದು ಈಗ ನೆನಪಿಗೆ ಬಂತು. ಆ ಮನುಷ್ಯ ಪಾಪ, ಹೇಳಲು ನೋಡಿದ್ದರು. ಸೆನ್ಸೇಯಮ್ಮನಿಗೆ ಮೊದಲು ನಗು ಬಂತು, ಆಮೇಲೆ ಬಡ್ತಿ ನೆನಪಾಗಿ ಮೈಯೆಲ್ಲ ಬಿಸಿಯಾಯಿತು. ಒಂದು ಸೊಂಟನೋವನ್ನು ತತ್ವಜ್ಞಾನ ಮಾಡಿ ಮಾರಿದ್ದೆ ಎನಿಸಿತು. ಜಪಾನಿನವರೇ ಬಂದು ನಿಂತು ಇದನ್ನು ನೋಡಿದರೆ ವಿಭಾಗ ಉಳಿಯುವ ಮಾತು ಹಾಗಿರಲಿ, ದೊಡ್ಡ ಸೆನ್ಸೇಯ ಮಾನವೂ ಹೋಗುತ್ತದೆ. ತಿದ್ದಲೇಬೇಕು.

ತಿದ್ದಿದರು. ಮರುದಿನ ಕ್ಲಾಸಿನಲ್ಲಿ ವಿದ್ಯಾರ್ಥಿಗಳ ಬೆನ್ನಿಗೆ ಮರದ ಅಳತೆಪಟ್ಟಿ ಇಟ್ಟು ನೆಟ್ಟಗೆ ಬಗ್ಗಿಸುವ ಕೆಲಸ ಶುರುವಾಯಿತು. ಹೊಸ ಮೇಷ್ಟ್ರು ಹೇಳಿಕೊಡುವುದು, ಸೆನ್ಸೇಯಮ್ಮ ಪಟ್ಟಿ ಹಿಡಿಯುವುದು. ಮೊದಲ ಸಾಲಿನ ಹುಡುಗಿಯೊಬ್ಬಳು ಕೈಯೆತ್ತಿದಳು.

"ಮೇಡಂ, ಅರ್ಧಕ್ಕೆ ನಿಲ್ಲದೇ ಇದ್ರೆ ನಾನು ಅನ್ನೋದು ಜೊತೆಗೇ ಎದ್ದು ಬರುತ್ತೆ ಅಂತ ನೀವೇ ಬರೆದಿದೀರಿ. ಹೋದ ಪರೀಕ್ಷೇಲಿ ನಂಗೆ ಅದಕ್ಕೇ ಅಂಕ ಬಂತು. ಈಗ ಅದು ಎದ್ದು ಬಂದ್ರೆ ಪರವಾಗಿಲ್ವಾ?"

"ಬರ್ಲಿ ಬಿಡಮ್ಮ," ಎಂದರು ಸೆನ್ಸೇಯಮ್ಮ. "ಬೆನ್ನು ನೆಟ್ಟಗಿದ್ರೆ ಸಾಕು."

ವಿದ್ಯಾರ್ಥಿಗಳ ಎಳೆಯ ಬೆನ್ನುಗಳು ಬೇಗ ಮಾತು ಕೇಳಿದವು. ಕಷ್ಟವಾದದ್ದು ಕುಲಪತಿಗಳದ್ದು. ಹಿಂದೊಮ್ಮೆ ಜಪಾನಿನ ರಾಯಭಾರಿಗಳು ಬಂದಾಗ ಸೆನ್ಸೇಯಮ್ಮನೇ ಅವರಿಗೆ ಎರಡು ಹಂತದ ವಂದನೆ ಕಲಿಸಿದ್ದರು. ಕುಲಪತಿಗಳು ಅದನ್ನು ಅಂದಿನಿಂದ ಸಿಕ್ಕಸಿಕ್ಕಲ್ಲಿ ಪ್ರಯೋಗಿಸುತ್ತಿದ್ದರು. ಅದು ಸರಿಯಲ್ಲವೆಂದು ಕೇಳಿ ಅವರ ಮುಖ ಸಣ್ಣದಾಯಿತು.

"ಅಲ್ರೀ, ರಾಯಭಾರಿಗಳ ಮುಂದೆ ಹೀಗೇ ಬಗ್ಗಿದ್ನಲ್ಲ! ಎಷ್ಟು ಹೊತ್ತು ನನ್ನೇ ನೋಡ್ತಾ ನಿಂತಿದ್ರು!"

"ಹೌದು ಸಾರ್."

"ಮೆಚ್ಚಿಕೊಂಡೇ ನೋಡಿದ್ದಲ್ವಾ?"

"ಕಾಳಜಿಯಿಂದ ನೋಡಿದ್ರು ಸಾರ್" ಎಂದರು ಸೆನ್ಸೇಯಮ್ಮ. ಅದಕ್ಕಿಂತ ಹೆಚ್ಚಿಗೆ ಹೇಳುವುದು ಕ್ಷೇಮವಲ್ಲ ಎನಿಸಿತು.

ಎಲ್ಲರ ಬೆನ್ನೂ ನೆಟ್ಟಗಾಯಿತು. ಆಗದೇ ಉಳಿದದ್ದು ಒಂದೇ ಬೆನ್ನು, ಸೆನ್ಸೇಯಮ್ಮನದು. ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಎಷ್ಟು ಬಗ್ಗಿದರೂ ಎಡಗೈ ತಾನೇ ತಾನಾಗಿ ಜಾರುತ್ತಿತ್ತು. ಅರ್ಧಕ್ಕೆ ಬಂದರೆ ಉಸಿರು ಕೇಳದೆಯೇ ಒಳಗೆ ಹೋಗುತ್ತಿತ್ತು. ಯಜಮಾನರು ಒಂದೆರಡು ವ್ಯಾಯಾಮ ಹೇಳಿಕೊಟ್ಟು ನೋಡಿದರು. "ನಿನ್ನ ಬೆನ್ನಲ್ಲಿ ಏನೂ ತೊಂದರೆ ಇಲ್ಲ. ತೊಂದರೆ ಇದ್ದಿದ್ರೆ ಸರಿ ಮಾಡಬಹುದಿತ್ತು" ಎಂದು ಕೈಬಿಟ್ಟರು. ಕೊನೆಗೆ ಸೆನ್ಸೇಯಮ್ಮ ಒಂದು ಉಪಾಯ ಕಂಡುಕೊಂಡರು. ಅತಿಥಿಗಳು ಬಂದಾಗ ತಾವು ಟೀ ತಟ್ಟೆ ಹಿಡಿದುಕೊಂಡಿರುವುದು. ಕೈತುಂಬ ಬಟ್ಟಲಿದ್ದವರು ಬಗ್ಗಬೇಕೆಂದು ಯಾವ ದೇಶದಲ್ಲೂ ಯಾರೂ ನಿರೀಕ್ಷಿಸುವುದಿಲ್ಲ.

ಪ್ರತಿಷ್ಠಾನದಿಂದ ಬಂದದ್ದು ಒಬ್ಬ ಹೆಂಗಸು. ಹೆಚ್ಚುಕಡಿಮೆ ಸೆನ್ಸೇಯಮ್ಮನ ವಯಸ್ಸಿನವರೇ. ಸಣ್ಣ ಆಳು, ಸಣ್ಣ ದನಿ. ಬಾಗಿಲಲ್ಲಿ ವಿದ್ಯಾರ್ಥಿಗಳು ಸಾಲಾಗಿ ನಿಂತು ಗೀಟು ಎಳೆದ ಹಾಗೆ ಬಗ್ಗಿ, ಗೀಟು ಎಳೆದ ಹಾಗೆ ಎದ್ದರು. ಕುಲಪತಿಗಳು ಹಲ್ಲು ಕಚ್ಚಿ ಒಂದೇ ಹಂತದಲ್ಲಿ ಎದ್ದರು. ಸೆನ್ಸೇಯಮ್ಮ ಟೀ ತಟ್ಟೆಯ ಹಿಂದಿನಿಂದ ಮುಗುಳ್ನಕ್ಕರು. ಅತಿಥಿ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ದಿಟ್ಟಿಸಿ ನೋಡಿದರು. ಏನೋ ಕಳೆದುಕೊಂಡವರು ಹುಡುಕುವ ಹಾಗೆ ಒಂದು ಸಲ ನೋಡಿ, ಇನ್ನೊಂದು ಸಲ ಕೊನೆಯಿಂದ ಮೊದಲಿಗೆ ನೋಡಿದರು. ಪಾಠ ಕೇಳಿದರು. ಗೋಡೆಯ ಮೇಲಿದ್ದ ದೊಡ್ಡ ಸೆನ್ಸೇಯ ಫೋಟೋದ ಮುಂದೆ ಸ್ವಲ್ಪ ಹೊತ್ತು ನಿಂತರು. "ಇವರ ಕಾಲದ್ದು ಇಲ್ಲಿ ಏನಾದರೂ ಉಳಿದಿದೆಯಾ?" ಎಂದು ಕೇಳಿದರು. ಹೊಸ ಮೇಷ್ಟ್ರು ನಿಘಂಟು ತೋರಿಸಿದ. ಆಕೆ ಅದನ್ನು ಮುಟ್ಟಿ ನೋಡಿ, "ಎಲ್ಲ ತುಂಬಾ ಸರಿಯಾಗಿದೆ" ಎಂದರು. ಆಮೇಲೆ ಕುಲಪತಿಗಳ ಕೋಣೆಗೆ ಹೋಗಿ, ತಮ್ಮ ಜೊತೆ ಬಂದಿದ್ದ ದುಭಾಷಿಯ ಮೂಲಕ ಏನೋ ಮಾತಾಡಿ ಹೊರಗೆ ಬಂದರು.

ಕಾರಿನವರೆಗೆ ಬೀಳ್ಕೊಡಲು ಎಲ್ಲರೂ ಬಂದರು. ದುಭಾಷಿ ಡ್ರೈವರನ ಪಕ್ಕ ಹೋಗಿ ಕುಳಿತ. ಕುಲಪತಿಗಳ ಮುಖ ನೋಡಿದರೆ ಫಲಿತಾಂಶ ಏನೆಂದು ತಿಳಿಯುವಂತಿರಲಿಲ್ಲ. ಅವರು ಬೆನ್ನು ನೆಟ್ಟಗಿಡುವುದರಲ್ಲೇ ಮಗ್ನರಾಗಿದ್ದರು. ಆಕೆ ತಿರುಗಿ ಸೆನ್ಸೇಯಮ್ಮನಿಗೆ ಬಗ್ಗಿ ವಂದಿಸಿದರು. ಟೀ ತಟ್ಟೆ ಒಳಗೆಲ್ಲೋ ಉಳಿದಿತ್ತು. ಖಾಲಿ ಕೈಯಲ್ಲಿ ನಿಂತಿದ್ದ ಸೆನ್ಸೇಯಮ್ಮ ಯೋಚಿಸುವ ಮೊದಲೇ ಬಗ್ಗಿದರು. ಎಡಗೈ ಜಾರಿತು. ಬಲಭುಜ ಇಳಿಯಿತು. ಅರ್ಧ ಎದ್ದವರು ಅಲ್ಲಿ ನಿಂತು ಉಸಿರೆಳೆದುಕೊಂಡರು. ಎದ್ದು ನೋಡಿದರೆ ಎದುರಿಗಿದ್ದಾಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡಿದ್ದರು.

"ನನ್ನ ತಂದೆ," ಎಂದರು ಆಕೆ ಜಪಾನಿಯಲ್ಲಿ. "ನನ್ನ ತಂದೆ ಹೀಗೇ ಏಳ್ತಿದ್ರು."

ಸೆನ್ಸೇಯಮ್ಮ ಆಕೆಯ ಮುಖದಲ್ಲಿ ದೊಡ್ಡ ಸೆನ್ಸೇಯನ್ನು ಹುಡುಕಿದರು. ಆಕೆಯ ಕಾಗದಪತ್ರಗಳಲ್ಲಿದ್ದದ್ದು ಗಂಡನ ಮನೆತನದ ಹೆಸರು. ಯಾರಿಗೂ ಸಂಶಯ ಬಂದಿರಲಿಲ್ಲ.

"ಬೆಳಗಿನಿಂದ ಇದನ್ನೇ ಹುಡುಕ್ತಿದ್ದೆ," ಆಕೆ ಹೇಳುತ್ತಲೇ ಹೋದರು. "ಅಪ್ಪ ರಜಕ್ಕೆ ಮನೆಗೆ ಬಂದಾಗೆಲ್ಲ ಹೇಳ್ತಿದ್ರು. ಅಲ್ಲಿ ನಾನು ಅರ್ಧಕ್ಕೆ ನಿಂತ್ರೆ ನನ್ನ ಕ್ಲಾಸಿನ ಮಕ್ಕಳೆಲ್ಲ ಅರ್ಧಕ್ಕೆ ನಿಲ್ತಾರೆ, ಅವರ ಮಧ್ಯೆ ನನ್ನ ಬೆನ್ನು ಯಾರಿಗೂ ಕಾಣೋದೇ ಇಲ್ಲ ಅಂತ. ನಾವು ತಮಾಷೆ ಅಂದ್ಕೊಂಡಿದ್ವಿ. ಇವತ್ತು ಬಂದು ನೋಡಿದ್ರೆ ಎಲ್ಲರೂ ನೆಟ್ಟಗೆ ಬಗ್ತಿದ್ರು. ಅಪ್ಪ ಸುಮ್ಮನೆ ಹೇಳಿದ್ದು ಅಂತ ಖಾತ್ರಿ ಮಾಡ್ಕೊಂಡೆ. ಈಗಷ್ಟೇ ಕುಲಪತಿಗಳಿಗೆ ಹೇಳಿಬಂದೆ, ಎಲ್ಲ ಸರಿಯಾಗಿದೆ, ಇಲ್ಲಿ ಮಾತ್ರ ಸಿಗೋ ಅಂಥದ್ದು ಏನೂ ಇಲ್ಲ ಅಂತ."

"ಏನಂತ್ರೀ?" ಎಂದರು ಕುಲಪತಿಗಳು.

ಆಕೆ ಒಂದು ಹೆಜ್ಜೆ ಹತ್ತಿರ ಬಂದು ದನಿ ತಗ್ಗಿಸಿದರು. "ಇನ್ನೂ ತಿದ್ದಬಹುದು. ಇದು ನಿಮ್ಮ ವಿಭಾಗದ್ದೇ ಒಂದು ಪದ್ಧತಿ, ಇದಕ್ಕೆ ಇಂಥ ಅರ್ಥ ಅಂತ ನೀವು ಹೇಳಿಬಿಡಿ. ನಾನು ಹಾಗೇ ತಿಳಿಸ್ತೀನಿ. ನಿಜವಾದ ಕಾರಣ ನಂಗೆ ಗೊತ್ತು. ಪ್ರತಿಷ್ಠಾನಕ್ಕೆ ಗೊತ್ತಾಗಬೇಕಾಗಿಲ್ಲ."

ಹೊಸ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೇಡಂ, ನಿಮ್ಮ ಪ್ರಬಂಧ! ಅದನ್ನೇ ಹೇಳಿಬಿಡಿ!" ಎಂದು ಪಿಸುಗುಟ್ಟಿದ.

ಹೇಳುವುದು ಕಷ್ಟವೇನಿರಲಿಲ್ಲ. ಅಧ್ಯಾಯಕ್ಕೆ ಅಧ್ಯಾಯವೇ ನಾಲಿಗೆಯ ತುದಿಯಲ್ಲಿತ್ತು. ನಾಲ್ಕು ಮಾತು ಆಡಿದರೆ ಫಲಕ ಉಳಿಯುತ್ತಿತ್ತು, ಕೋಣೆಗಳು ಉಳಿಯುತ್ತಿದ್ದವು, ಪ್ರಬಂಧವೂ ಉಳಿಯುತ್ತಿತ್ತು. ಆದರೆ ಎದುರಿಗೆ ನಿಂತಿದ್ದದ್ದು ಆ ಮನುಷ್ಯನ ಮಗಳು. ನೋವಿನಿಂದ ನಿಂತವರನ್ನು ನೋಡಿ ಅಷ್ಟು ವರ್ಷ ಚಂದದ ಮಾತು ಬರೆದದ್ದು ಸಾಲದು ಎಂದು ಈಗ ಮಗಳ ಮುಂದೆಯೂ ಅದನ್ನೇ ಒಪ್ಪಿಸಲು ಸೆನ್ಸೇಯಮ್ಮನಿಗೆ ನಾಚಿಕೆಯಾಯಿತು.

"ಅರ್ಥ ಏನೂ ಇಲ್ಲ," ಎಂದರು ಜಪಾನಿಯಲ್ಲಿ. ಆಮೇಲೆ ಕುಲಪತಿಗಳ ಕಡೆ ತಿರುಗಿ ಅವರಿಗೂ ತಿಳಿಯುವ ಹಾಗೆ ಹೇಳಿದರು. "ಅವರಿಗೆ ಬೆನ್ನು ನೋಯ್ತಿತ್ತು ಸಾರ್. ನಮಗೆ ಗೊತ್ತಾಗ್ಲಿಲ್ಲ. ಅದನ್ನೇ ವಿನಯ ಅಂತ ಕಲಿಸ್ಕೊಂಡು ಬಂದ್ವಿ."

ಕುಲಪತಿಗಳು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ಹಾಗಾದ್ರೆ ವಿಶೇಷ ಏನೂ ಇಲ್ಲ ಅಂತಾಯ್ತು."

"ಏನೂ ಇಲ್ಲ ಸಾರ್."

ಆ ಬೇಸಿಗೆ ಕಳೆಯುವುದರೊಳಗೆ ಫಲಕ ಇಳಿಯಿತು. ಎರಡು ಕೋಣೆಗಳೂ ಉಗ್ರಾಣಕ್ಕೆ ಸೇರಿ ಮುರಿದ ಕುರ್ಚಿಗಳಿಗೆ ಕೈಕಾಲು ಚಾಚುವಷ್ಟು ಜಾಗವಾಯಿತು. ಭಾಷಾ ಕೇಂದ್ರದಲ್ಲಿ ಹೊಸ ಮೇಷ್ಟ್ರು ಇವತ್ತಿಗೂ ನೆಟ್ಟಗೆ ಬಗ್ಗುವುದನ್ನು ಕಲಿಸುತ್ತಾನೆ. ಅದೆಲ್ಲ ಆಮೇಲಿನ ಮಾತು. ಅವತ್ತು ಕಾರಿನ ಪಕ್ಕ ಕುಲಪತಿಗಳು ಹೊರಟುಹೋದ ಮೇಲೂ ಇಬ್ಬರು ಹೆಂಗಸರು ನಿಂತೇ ಇದ್ದರು. ಸೆನ್ಸೇಯಮ್ಮನಿಗೆ ಕೇಳಬೇಕಾದದ್ದು ಒಂದಿತ್ತು. ಕ್ಲಾಸಿನ ಮೊದಲ ದಿನವೇ ಕೇಳಬಹುದಾಗಿದ್ದ ಮಾತು. ಅಷ್ಟು ಜನ ಶಿಷ್ಯರು ಕಣ್ಣು ಕೀಲಿಸಿ ನೋಡಿ, ಕೈ, ಭುಜ, ಉಸಿರು ಎಲ್ಲ ಕಲಿತರೂ ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

"ತುಂಬಾ ನೋಯ್ತಿತ್ತಾ ಅವರಿಗೆ?"

"ತುಂಬಾ," ಎಂದರು ಮಗಳು.

"ನಾವು ಕೇಳಿದ್ರೆ ಏನು ಹೇಳ್ತಿದ್ರು?"

"ಇಲ್ಲ ಅಂತಿದ್ರು." ಆಕೆ ಕಾರಿನ ಬಾಗಿಲ ಮೇಲೆ ಕೈಯಿಟ್ಟರು. "ಆದ್ರೆ ಕೇಳಿದ್ರು ಅಂತ ಮನೆಗೆ ಬಂದು ನಮಗೆಲ್ಲ ಹೇಳ್ತಿದ್ರು."